ಚರ್ಚಿಲ್‌: ಕರಡಿಗಳ ದಾರಿಯಲ್ಲೊಂದು ಊರು

ಕೆನಡಾದ ಹಡ್ಸನ್ ಕೊಲ್ಲಿಯ ದಡದಲ್ಲಿರುವ ಚರ್ಚಿಲ್ ಪಟ್ಟಣಕ್ಕೆ ಹಿಮಕರಡಿಗಳು ನುಗ್ಗುತ್ತವೆ ಎನ್ನುವುದು ವಾಡಿಕೆ. ನುಗ್ಗಿದ್ದು ಯಾರು ಎಂಬುದನ್ನೂ ಕೇಳಬೇಕು. ಬೇಸಿಗೆಯಲ್ಲಿ ಕೊಲ್ಲಿಯ ಮಂಜುಗಡ್ಡೆ ಪೂರ್ತಿ ಕರಗುತ್ತದೆ. ಅದರ ಮೇಲೆ ಸೀಲ್ ಬೇಟೆಯಾಡುವ ಕರಡಿಗಳು ಜುಲೈ ಹೊತ್ತಿಗೆ ದಡ ಸೇರಿ, ನವೆಂಬರ್‌ವರೆಗೆ ಬಹುಪಾಲು ಉಪವಾಸವಿರುತ್ತವೆ. ಚರ್ಚಿಲ್ ನದಿಯ ಸಿಹಿನೀರು ಬೆರೆಯುವೆಡೆ ಸಮುದ್ರ ಬೇಗ ಹೆಪ್ಪುಗಟ್ಟುವುದರಿಂದ ಅವು ಅಲ್ಲಿಗೇ ಬಂದು ಕಾಯುತ್ತವೆ. ಊರು ಬೆಳೆದದ್ದೂ ಅಲ್ಲೇ.

1717ರಲ್ಲಿ ಇಲ್ಲಿ ತುಪ್ಪಳ ವ್ಯಾಪಾರದ ಠಾಣೆ ಬಂತು. 1929ರಲ್ಲಿ ರೈಲು, 1942ರಲ್ಲಿ ಸೇನಾ ನೆಲೆ. ನೆಲೆಯ ಜೊತೆ ಸಾವಿರಾರು ಜನ ಬಂದರು, ಅವರ ಕಸವೂ ಬಂತು. ಹಸಿದ ಕರಡಿಗೆ ಬಯಲಿನಲ್ಲಿ ಸುರಿದ ಕಸದ ವಾಸನೆ ಮೈಲಿಗಟ್ಟಲೆ ದೂರದಿಂದಲೇ ಸಿಗುತ್ತದೆ. ಆ ರಾಶಿಯ ಬಳಿ ಕರಡಿಗಳಷ್ಟೇ ಇರಲಿಲ್ಲ: 1956ರಲ್ಲಿ ಸರಕಾರ ತಮ್ಮ ನೆಲದಿಂದ ಎತ್ತಿ ತಂದು ಇಲ್ಲಿ ಬಿಟ್ಟ ಸಯಿಸಿ ದೆನೆ ಎಂಬ ಮೂಲನಿವಾಸಿ ಜನರೂ ಹೊಟ್ಟೆಪಾಡಿಗೆ ಅದನ್ನೇ ಕೆದಕಬೇಕಾಯಿತು.

ಸೈನಿಕರಿದ್ದಾಗ ಹತ್ತಿರ ಸುಳಿದ ಕರಡಿಗೆ ಗುಂಡೇ ಉತ್ತರ. ಸೇನೆ ಜಾಗ ಖಾಲಿ ಮಾಡಿದಾಗ ಬಂದೂಕುಗಳು ಹೋದವು, ಕಸ ಉಳಿಯಿತು. 1968ರಲ್ಲಿ ಯುವಕನೊಬ್ಬ ಕರಡಿಗೆ ಬಲಿಯಾದ. ಮರುವರ್ಷವೇ ಪ್ರಾಂತೀಯ ಸರಕಾರ ನಿಯಂತ್ರಣ ಯೋಜನೆ ಆರಂಭಿಸಿತಾದರೂ ಊರಿಗೆ ಬಂದ ಕರಡಿಗಳನ್ನು ಕೊಲ್ಲುವುದು ನಿಲ್ಲಲಿಲ್ಲ.

1980ರ ದಶಕದ ಆರಂಭದಲ್ಲಿ ಸೇನೆಯ ಹಳೆಯ ಕಟ್ಟಡವೊಂದು ಕರಡಿಗಳ ಜೈಲಾಯಿತು. ಬೋನಿಗೆ ಬಿದ್ದ ಅಥವಾ ಅರಿವಳಿಕೆ ಕೊಟ್ಟು ಹಿಡಿದ ಕರಡಿಯನ್ನು ಅಲ್ಲಿ ಸುಮಾರು ಒಂದು ತಿಂಗಳು ಇರಿಸಿ, ಹೆಲಿಕಾಪ್ಟರ್‌ನಲ್ಲಿ ಊರಿನಿಂದ ದೂರ ಒಯ್ದು ಬಿಡುತ್ತಾರೆ. ಇಲ್ಲವೇ ಕೊಲ್ಲಿ ಹೆಪ್ಪುಗಟ್ಟುವವರೆಗೆ ಕಾಯುತ್ತಾರೆ. ನೀರು ಕೊಡುತ್ತಾರೆ, ಊಟ ಇಲ್ಲ. ಕ್ರೂರವೆನಿಸಬಹುದು, ಆದರೆ ಅದು ಹೇಗೂ ಅವುಗಳ ಉಪವಾಸದ ಕಾಲ, ಮನುಷ್ಯರ ಬಳಿ ತಿನ್ನಲು ಸಿಗುತ್ತದೆ ಎಂದು ಕಲಿತ ಕರಡಿ ಮತ್ತೆ ಬಂದು ಗುಂಡಿಗೆ ಬಲಿಯಾಗುವುದೇ ಹೆಚ್ಚು. 1983ರಲ್ಲಿ ಸುಟ್ಟುಹೋದ ಹೋಟೆಲಿನಿಂದ ಮಾಂಸ ಜೇಬಿಗಿಳಿಸಿಕೊಂಡು ಹೊರಟವನೊಬ್ಬ ಕರಡಿಯ ದಾಳಿಗೆ ಪ್ರಾಣ ಕಳೆದುಕೊಂಡ.

ಜೈಲಿನ ಚಿತ್ರ ಜಗತ್ತೆಲ್ಲ ಸುತ್ತಿದೆ. ನನ್ನ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಹೆಜ್ಜೆ ಕಸವನ್ನು ಕಟ್ಟಡದೊಳಗೆ ಮುಚ್ಚಿಟ್ಟದ್ದು. ಬಯಲು ರಾಶಿ ಮುಚ್ಚಿದ್ದು 2005ರಲ್ಲಿ, ಯುವಕನ ಸಾವಿನ 37 ವರ್ಷಗಳ ಬಳಿಕ!

ಇಂದು ಸುಮಾರು 870 ಜನರ ಈ ಊರಿನಲ್ಲಿ ಅನೇಕರು ಕಾರಿನ ಬಾಗಿಲಿಗೆ ಬೀಗ ಹಾಕುವುದಿಲ್ಲ. ಕರಡಿ ಎದುರಾದವರು ಒಳಹೊಕ್ಕು ಬಚಾವಾಗಲಿ ಎಂದು. ಪಶ್ಚಿಮ ಹಡ್ಸನ್ ಕೊಲ್ಲಿಯ ಕರಡಿಗಳ ಅಂದಾಜು ಸಂಖ್ಯೆ 1980ರ ದಶಕದ 1,200ರಿಂದ 2021ರಲ್ಲಿ 618ಕ್ಕೆ ಇಳಿದಿದೆ. ಆದರೂ ಕಾವಲು ಸಡಿಲವಾಗಿಲ್ಲ: ಮಂಜುಗಡ್ಡೆ ಬೇಗ ಕರಗಿ ತಡವಾಗಿ ಕಟ್ಟುವುದರಿಂದ, ಉಳಿದ ಕರಡಿಗಳು ಇನ್ನಷ್ಟು ವಾರ ಹಸಿದುಕೊಂಡು ದಡದಲ್ಲಿರುತ್ತವೆ. ಕತ್ತಲಲ್ಲಿ, ಹಿಮಗಾಳಿಯಲ್ಲಿ ಅವುಗಳನ್ನು ಗುರುತಿಸಬಲ್ಲ ರೇಡಾರ್‌ಗಳ ಪರೀಕ್ಷೆ ಈಗ ಅಲ್ಲಿ ನಡೆದಿದೆ.