ಬಣ್ಣದ ಕೆಳಗಿರುವುದು ಯಾವ ಲೋಹ?

ಹಳೆಯ ಎಂಜಿನ್‌ಗಳ ಮಾತು ಬಂದಾಗಲೆಲ್ಲ ಒಂದು ತಪ್ಪು ತಿಳಿವಳಿಕೆ ಮತ್ತೆ ಮತ್ತೆ ಕೇಳಿಬರುತ್ತದೆ. ಇನ್‌ಟೇಕ್ ಮ್ಯಾನಿಫೋಲ್ಡ್ (ಎಂಜಿನ್ನಿನ ಸಿಲಿಂಡರ್‌ಗಳಿಗೆ ಗಾಳಿ, ಇಂಧನ ಹಂಚುವ ಕೊಳವೆಗಳ ಭಾಗ) ಬೆಳ್ಳಿಯಂತೆ ಹೊಳೆದರೆ ಅಲ್ಯೂಮಿನಿಯಂ, ಕಪ್ಪಗೋ ಕೆಂಪಗೋ ಇದ್ದರೆ ಬೀಡು ಕಬ್ಬಿಣ. ಬೆಳ್ಳಗಿರುವುದೆಲ್ಲ ಹಾಲಲ್ಲ! ಬೀಡಿಗೆ ಬೆಳ್ಳಿ ಬಣ್ಣದ ಪೇಂಟ್ ಬಳಿಯುವುದೇನು ದೊಡ್ಡ ಕೆಲಸವಲ್ಲ. ಅಲ್ಯೂಮಿನಿಯಂ ಮ್ಯಾನಿಫೋಲ್ಡ್ ಮೇಲೆ ಬ್ಲಾಕಿನ (ಎಂಜಿನ್ನಿನ ಮುಖ್ಯ ಒಡಲಿನ) ಬಣ್ಣವನ್ನೇ ಹೊಡೆದ ಎಂಜಿನ್‌ಗಳೂ ಬೇಕಾದಷ್ಟಿವೆ. ಶೆವ್ರೊಲೆ ಕಾರಿನ ವಿ8 (ಎಂಟು ಸಿಲಿಂಡರ್‌ಗಳ) ಎಂಜಿನ್ನಿನ ದಪ್ಪ ಕಿತ್ತಳೆ ಬಣ್ಣದ ಕೆಳಗೆ ಏನಿದೆ ಅಂತ ಎಷ್ಟೇ ದಿಟ್ಟಿಸಿ ನೋಡಿದರೂ ಗೊತ್ತಾಗುವುದಿಲ್ಲ.

ಇನ್ನೊಂದು ನಂಬಿಕೆಯೂ ಇದೆ. ಹಳೆಯ ಎಂಜಿನ್ ಮೇಲೆ ಅಲ್ಯೂಮಿನಿಯಂ ಕಂಡರೆ ಅದು ಆಮೇಲೆ ಯಾರೋ ಹಾಕಿಸಿದ ರೇಸಿಂಗ್ ಭಾಗವಂತೆ. ಇದೂ ಸರಿಯಲ್ಲ. ಫೋರ್ಡ್ 1932ರಲ್ಲಿ ತಂದ ಫ್ಲ್ಯಾಟ್‌ಹೆಡ್ ವಿ8ಗೆ ಮೊದಲ ವರ್ಷಗಳಲ್ಲಿ ಕಾರ್ಖಾನೆಯಿಂದಲೇ ಅಲ್ಯೂಮಿನಿಯಂ ಮ್ಯಾನಿಫೋಲ್ಡ್ ಬರುತ್ತಿತ್ತು. ಬೀಡು ಬಂದದ್ದು ಆಮೇಲೆ.

ನಂಬಬೇಕಾದ್ದು ಮ್ಯಾಗ್ನೆಟ್ಟನ್ನು. ಆದರೆ ಎಲ್ಲಿ ಇಡುತ್ತೀರಿ ಅನ್ನುವುದು ಮುಖ್ಯ. ಬೋಲ್ಟ್, ಸ್ಟಡ್, ರಿಪೇರಿಗೆ ಕೂರಿಸಿದ ಥ್ರೆಡ್ ಇನ್‌ಸರ್ಟ್ ಇವೆಲ್ಲ ಸಾಮಾನ್ಯವಾಗಿ ಉಕ್ಕು. ಅಲ್ಲಿಟ್ಟರೆ ಅಲ್ಯೂಮಿನಿಯಂ ಕೂಡ ಕಬ್ಬಿಣವಾಗಿಬಿಡುತ್ತದೆ! ರನ್ನರ್‌ನ (ಒಂದೊಂದು ಸಿಲಿಂಡರ್‌ಗೆ ಹೋಗುವ ಕೊಳವೆಯ) ನಡುಭಾಗ, ಸುತ್ತ ಬೋಲ್ಟ್ ಇಲ್ಲದ ಜಾಗ ನೋಡಿ ಇಡಿ. ಅಂಟಿದರೆ ಬೀಡು. ಜಾರಿ ಬಿದ್ದರೆ ಅಲ್ಲ.

ಯಾಕೆ ಅಂಟುತ್ತದೆ ಅನ್ನುವುದೇ ನನಗೆ ಇದರಲ್ಲಿ ಅತಿ ಇಷ್ಟವಾದ ಸಂಗತಿ. ಕಬ್ಬಿಣದ ಪ್ರತಿ ಪರಮಾಣುವೂ ಒಂದು ಪುಟ್ಟ ಅಯಸ್ಕಾಂತ. ಅಕ್ಕಪಕ್ಕದ ಪರಮಾಣುಗಳು ಒಂದೇ ದಿಕ್ಕಿಗೆ ಮುಖ ಮಾಡಿ ಗುಂಪುಗಳಾಗುತ್ತವೆ. ಈ ಗುಂಪುಗಳ ಹೆಸರು ಡೊಮೇನ್. ಶಾಲೆಯ ಮೈದಾನದಲ್ಲಿ ಮಕ್ಕಳು ಅಲ್ಲಲ್ಲಿ ಗುಂಪು ಕಟ್ಟಿಕೊಂಡು ಒಂದೊಂದು ಗುಂಪು ಒಂದೊಂದು ಕಡೆ ತಿರುಗಿ ನಿಂತಂತೆ. ಒಟ್ಟಾರೆ ಯಾವ ದಿಕ್ಕೂ ಗೆಲ್ಲುವುದಿಲ್ಲ. ಹಾಗಾಗಿ ಮ್ಯಾನಿಫೋಲ್ಡ್ ತಾನಾಗಿಯೇ ಮೊಳೆಗಳನ್ನು ಸೆಳೆಯುವುದಿಲ್ಲ. ಹೊರಗಿನಿಂದ ಮ್ಯಾಗ್ನೆಟ್ ಬಂತು ಅಂದರೆ ಬೆಲ್ ಹೊಡೆದಂತೆ: ಅದರ ದಿಕ್ಕಿಗೆ ಹೊಂದುವ ಗುಂಪುಗಳು ಅಕ್ಕಪಕ್ಕದವರನ್ನು ಸೇರಿಸಿಕೊಂಡು ದೊಡ್ಡದಾಗುತ್ತವೆ, ಉಳಿದವು ಕುಗ್ಗುತ್ತವೆ. ಸೆಳೆತ ಹುಟ್ಟುವುದು ಆಗಲೇ. ಬೀಡಿನಲ್ಲಿ 2.5ರಿಂದ 4 ಶೇಕಡದಷ್ಟು ಇಂಗಾಲ ಇರುತ್ತದೆ, ಅದರಲ್ಲಿ ಜಾಸ್ತಿ ಪಾಲು ಗ್ರಾಫೈಟ್ ಚಕ್ಕೆಗಳಾಗಿ. ಗ್ರಾಫೈಟ್ ಅಂಟುವುದಿಲ್ಲ ನಿಜ, ಆದರೆ ಚಕ್ಕೆಗಳ ನಡುವಿನ ಕಬ್ಬಿಣವೇ ಬೇಕಾದಷ್ಟಾಯಿತು.

ಅಲ್ಯೂಮಿನಿಯಂನಲ್ಲಿ ಇಂಥ ಗುಂಪುಗಳೇ ಇಲ್ಲ. ಸೆಳೆತ ಇದ್ದರೂ ಕೈಗೆ ತಿಳಿಯದಷ್ಟು ಕಡಿಮೆ. ಹಾಗಂತ ಅದು ಮ್ಯಾಗ್ನೆಟ್‌ಗೆ ಸುಮ್ನೆ ಕೂರುವ ಲೋಹವೂ ಅಲ್ಲ. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಬಿಚ್ಚಿದಾಗ ಕಾಣುವ, ಅದು ಕೂರುವ ಸಮತಟ್ಟಾದ ಜಾಗ, ಅಂದರೆ ಫ್ಲ್ಯಾಂಜ್, ಇದೆಯಲ್ಲ, ಅದರ ಮೇಲೆ ಬಲವಾದ ನಿಯೊಡಿಮಿಯಂ ಮ್ಯಾಗ್ನೆಟ್ ಇಟ್ಟು ಬೇಗ ಬೇಗ ಆಚೆ ಈಚೆ ಸರಿಸಿ ನೋಡಿ. ಯಾರೋ ಮೆಲ್ಲಗೆ ಹಿಡಿದೆಳೆದ ಹಾಗಾಗುತ್ತದೆ. ಕೈ ನಿಲ್ಲಿಸಿದರೆ ಆ ಹಿಡಿತ ಮಾಯ. ಮ್ಯಾಗ್ನೆಟ್ ಸರಿದಾಗ ಲೋಹದೊಳಗೆ ವಿದ್ಯುತ್ತಿನ ಸುಳಿಗಳು ಏಳುತ್ತವೆ. ಆ ಸುಳಿಗಳ ಕಾಂತಕ್ಷೇತ್ರ ಸರಿಯುವಿಕೆಯನ್ನೇ ತಡೆಯುತ್ತದೆ.

ಇಲ್ಲಿ ಇತಿಹಾಸದ ಒಂದು ಚೆಂದದ ಗಂಟು ಇದೆ. ವಿದ್ಯುತ್ ಹರಿದರೆ ಕಾಂತಕ್ಷೇತ್ರ ಹುಟ್ಟುತ್ತದೆ ಅಂತ 1820ರಲ್ಲಿ ದಿಕ್ಸೂಚಿಯ ಮುಳ್ಳು ಅಲುಗಾಡಿದ್ದನ್ನು ನೋಡಿ ತೋರಿಸಿಕೊಟ್ಟವರು ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಓರ್‌ಸ್ಟೆಡ್. ಐದು ವರ್ಷದ ಬಳಿಕ, 1825ರಲ್ಲಿ, ಅಲ್ಯೂಮಿನಿಯಂ ಲೋಹವನ್ನು ಮೊದಲು ಬೇರ್ಪಡಿಸಿದವರೂ ಅವರೇ! ಅವರ ಎರಡೂ ಶೋಧಗಳು ಈ ಫ್ಲ್ಯಾಂಜ್ ಮೇಲೆ ಒಂದಾಗುತ್ತವೆ. ಇನ್ನು ಆ ನಿಯೊಡಿಮಿಯಂ ಮ್ಯಾಗ್ನೆಟ್ಟನ್ನು 1980ರ ದಶಕದ ಮೊದಲಲ್ಲಿ ಸರಿಸುಮಾರು ಒಂದೇ ಹೊತ್ತಿಗೆ ಕಂಡುಹಿಡಿದವರು ಜಪಾನಿನ ಸುಮಿಟೊಮೊ ಸ್ಪೆಷಲ್ ಮೆಟಲ್ಸ್ ಮತ್ತು ಅಮೆರಿಕದ ಜನರಲ್ ಮೋಟರ್ಸ್. ಶೆವ್ರೊಲೆ ಕಾರು ಮಾಡುವ ಕಂಪನಿಯೇ!

ಮ್ಯಾಗ್ನೆಟ್ ಅಂಟಲಿಲ್ಲ ಅಂದ ಮಾತ್ರಕ್ಕೆ ಅಲ್ಯೂಮಿನಿಯಂ ಅಂತ ತೀರ್ಮಾನಿಸಬೇಡಿ. ಅಪರೂಪಕ್ಕೆ ಕೆಲವು ರೇಸಿಂಗ್ ಭಾಗಗಳು ಮೆಗ್ನೀಸಿಯಂ ಆಗಿರುತ್ತವೆ. ಕೆಲವರು ಗ್ರೈಂಡರ್ ಹಿಡಿದು ಕಿಡಿ ನೋಡುತ್ತಾರೆ. ಬೀಡಿನಿಂದ ಮಂಕು ಕೆಂಪು ಕಿಡಿ ಬರುತ್ತದೆ, ಅಲ್ಯೂಮಿನಿಯಂನಿಂದ ಬರುವುದಿಲ್ಲ. ಆದರೆ ಮೆಗ್ನೀಸಿಯಂನ ಪುಡಿಗೆ ಬೆಂಕಿ ಹತ್ತಿಕೊಂಡರೆ ಆರಿಸುವುದು ಕಷ್ಟ, ನೀರು ಹಾಕಿದರೆ ಇನ್ನೂ ಜಾಸ್ತಿ ಉರಿಯುತ್ತದೆ. ದಯವಿಟ್ಟು ಆ ಪರೀಕ್ಷೆ ಬೇಡ. ಬಿಚ್ಚಿಟ್ಟ ಭಾಗವಾದರೆ ಎತ್ತಿ ನೋಡಿ. ಒಂದು ಘನ ಸೆಂಟಿಮೀಟರ್ ಬೀಡು ಸುಮಾರು 7.2 ಗ್ರಾಂ, ಅಲ್ಯೂಮಿನಿಯಂ 2.7, ಮೆಗ್ನೀಸಿಯಂ 1.7. ಅಲ್ಯೂಮಿನಿಯಂ ಎರಕದ ಗೋಡೆ ದಪ್ಪ ಇರುವುದರಿಂದ ಇಡೀ ಮ್ಯಾನಿಫೋಲ್ಡ್ ತೂಗಿದಾಗ ಇಷ್ಟು ಅಂತರ ಸಿಗಲಿಕ್ಕಿಲ್ಲ. ಆದರೂ ಬೀಡಿನ ಭಾರ ಎತ್ತಿದವರಿಗೆ ಮರೆಯುವುದಿಲ್ಲ. ಎರಕದ ಗುರುತುಗಳೂ ನೆರವಾಗುತ್ತವೆ. ಶೆವ್ರೊಲೆಯ ಹಲವು ಅಲ್ಯೂಮಿನಿಯಂ ಮ್ಯಾನಿಫೋಲ್ಡ್‌ಗಳ ಮೇಲೆ ಹಿಮಹರಳಿನ ಚಿತ್ರ ಕಾಣುತ್ತದೆ. ಅದು ವಿಂಟರ್ಸ್ ಫೌಂಡ್ರಿಯ ಮುದ್ರೆ.

ಇಷ್ಟೆಲ್ಲ ಯಾಕೆ ಅಂದರೆ, ತಪ್ಪಿದರೆ ಭಾಗವೇ ಹಾಳು. ಹಳೆಯ ಗ್ರೀಸ್, ಪೇಂಟ್ ತೆಗೆಯಲು ಬೀಡಿನ ಭಾಗಗಳನ್ನು ಬಿಸಿ ಕಾಸ್ಟಿಕ್ ಸೋಡಾ ತೊಟ್ಟಿಯಲ್ಲಿ ಮುಳುಗಿಸುವುದು ರೂಢಿ. ಬೀಡಿಗೆ ಏನೂ ಆಗುವುದಿಲ್ಲ. ಅಲ್ಯೂಮಿನಿಯಂ ಹಾಕಿದರೆ ಅದರ ಮೈಗೆ ಕವಚದಂತಿರುವ ಆಕ್ಸೈಡ್ ಪದರ ಮೊದಲು ಕರಗುತ್ತದೆ, ಆಮೇಲೆ ಲೋಹವೇ ಕರಗತೊಡಗುತ್ತದೆ. ಗುಳ್ಳೆಗುಳ್ಳೆಯಾಗಿ ಹೈಡ್ರೊಜನ್ ಏಳುತ್ತದೆ, ಅದಕ್ಕೂ ಬೆಂಕಿಯ ಭಯ ಉಂಟು. ಸೋರದಂತೆ ಎರಡು ಭಾಗಗಳ ನಡುವೆ ಇಡುವ ಗ್ಯಾಸ್ಕೆಟ್ ಕೂರುವ ನಯವಾದ ಮುಖ ಹೊರಬರುವಾಗ ತೂತುತೂತಾಗಿರುತ್ತದೆ.

ಇದೇ ಕೆಲಸವನ್ನು ಎಂಜಿನ್ ತಣ್ಣಗಿಡುವ ದ್ರವ, ಅಂದರೆ ಕೂಲಂಟ್, ಕೂಡ ನಿಧಾನವಾಗಿ ಮಾಡುತ್ತದೆ. ಬೀಡಿನ ಸಿಲಿಂಡರ್ ಹೆಡ್ ಮೇಲೆ ಅಲ್ಯೂಮಿನಿಯಂ ಮ್ಯಾನಿಫೋಲ್ಡ್ ಕೂತು, ನಡುವೆ ಹಳಸಿದ ಕೂಲಂಟ್ ಹರಿದರೆ ಅಲ್ಲೊಂದು ಬ್ಯಾಟರಿಯೇ ತಯಾರು. ಸವೆಯುವುದು ಯಾವಾಗಲೂ ಅಲ್ಯೂಮಿನಿಯಂ ಕಡೆ. ಹಾಗಾಗಿ ಹಳೆಯ ಅಲ್ಯೂಮಿನಿಯಂ ಮ್ಯಾನಿಫೋಲ್ಡ್ ಕೊಳ್ಳುವಾಗ ಮೇಲಿನ ಹೊಳಪು ಬಿಟ್ಟು ತಿರುಗಿಸಿ ನೋಡಿ. ನೀರಿನ ತೂತುಗಳ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಅದನ್ನು ಕೆರೆದು, ಕೆಳಗಿನ ಕುಳಿ ಗ್ಯಾಸ್ಕೆಟ್ ಕೂರುವ ಜಾಗದವರೆಗೂ ಹೋಗಿದೆಯೇ ಅಂತ ನೋಡಿಯೇ ದುಡ್ಡು ಕೊಡಿ.