ಬೆರಳು ಎತ್ತಿದ್ದನ್ನು ರಿಮೋಟ್ ಹೇಳುವುದಿಲ್ಲ

"55 ಒತ್ತಿದರೆ 5 ಬರುತ್ತಿದೆ, ಅರ್ಜೆಂಟಾಗಿ ನೋಡಿ." ಸೆಟ್‌ಟಾಪ್ ಬಾಕ್ಸ್ ಮಾಡುವವರಿಂದ ನನಗೆ ಬರುವ ಮೇಲ್‌ಗಳು ಹೆಚ್ಚುಕಡಿಮೆ ಹೀಗೇ ಶುರುವಾಗುತ್ತವೆ. ಜೊತೆಗೆ ಒಂದು ಪ್ಯಾಚ್, ಅಂದರೆ ಕೋಡ್‌ಗೆ ಮಾಡಿದ ತಿದ್ದುಪಡಿ, ಇರುತ್ತದೆ. ಅದನ್ನು ತೆರೆಯುವ ಮೊದಲೇ ಒಳಗೆ ಏನಿದೆ ಅಂತ ಹೇಳಬಲ್ಲೆ. ಯಾರೋ ಡ್ರೈವರ್ (ರಿಮೋಟ್‌ನ ಸಂಕೇತ ಓದುವ ಸಾಫ್ಟ್‌ವೇರ್) ಒಳಗೆ ಹೊಸ ಟೈಮರ್ ಕೂರಿಸಿರುತ್ತಾರೆ, ಇಲ್ಲವೇ ಇದ್ದ ಟೈಮರ್‌ನ ಅಂಕಿ ತಿದ್ದಿರುತ್ತಾರೆ. ಎರಡೂ ತಪ್ಪು. ಆದರೂ ವರ್ಷಗಳಿಂದ ಬೇರೆ ಬೇರೆ ಕಂಪನಿಗಳ ಬುದ್ಧಿವಂತ ಹುಡುಗರು ಇದನ್ನೇ ಮಾಡಿಕೊಂಡು ಬರುತ್ತಿದ್ದಾರೆ.

ಇನ್‌ಫ್ರಾರೆಡ್ ಎಂದರೇನು, ಕ್ಯಾರಿಯರ್ ಎಂದರೇನು ಅಂತ ಇಲ್ಲಿ ಬರೆಯುವುದಿಲ್ಲ. ಲಿನಕ್ಸ್ ಡ್ರೈವರ್‌ಗೆ ಕೈಹಾಕಿದವರಿಗೆ ಅದು ಗೊತ್ತಿರುತ್ತದೆ. ಗೊತ್ತಿಲ್ಲದ್ದು ಒಂದೇ ವಿಷಯ, ಅದನ್ನೇ ಹೇಳುತ್ತೇನೆ.

ಕೀಬೋರ್ಡ್ ಎರಡು ಮಾತು ಹೇಳುತ್ತದೆ: ಕೀ ಒತ್ತಿದರು, ಕೀ ಬಿಟ್ಟರು. ಲಿನಕ್ಸ್‌ನ ತಿರುಳಾದ ಕರ್ನಲ್‌ನ ಇನ್‌ಪುಟ್ ವ್ಯವಸ್ಥೆ ನಿಂತಿರುವುದು ಈ ಎರಡು ಮಾತಿನ ಮೇಲೆ. ರಿಮೋಟ್ ಎರಡನೆಯದನ್ನು ಹೇಳುವುದೇ ಇಲ್ಲ. ಬಟನ್ ಒತ್ತಿದಾಗ ಒಂದು ಫ್ರೇಮ್, ಅಂದರೆ ಬಿಟ್‌ಗಳ ಒಂದು ಕಂತೆ, ಕಳಿಸುತ್ತದೆ. ಒತ್ತಿಕೊಂಡೇ ಇದ್ದರೆ ಸ್ವಲ್ಪ ಹೊತ್ತಿಗೆ ಮತ್ತೊಂದು, ಮತ್ತೊಂದು. ಬೆರಳು ಎತ್ತಿದರೆ ಸುಮ್ಮನಾಗುತ್ತದೆ, ಅಷ್ಟೇ. "ಬಿಟ್ಟರು" ಎನ್ನುವ ಸಂದೇಶ ಗಾಳಿಯಲ್ಲಿ ಇಲ್ಲ. ಅದನ್ನು ಕರ್ನಲ್ ಊಹಿಸಬೇಕು.

ರಾತ್ರಿ ಕಥೆ ಕೇಳುವ ಮಗು ಹೂಂಗುಟ್ಟುತ್ತಾ ಇರುತ್ತದಲ್ಲ, ಹಾಗೆ. "ನಾನು ಮಲಗಿದೆ" ಅಂತ ಯಾವ ಮಗುವೂ ಹೇಳಿ ಮಲಗುವುದಿಲ್ಲ. ಹೂಂ ನಿಂತಾಗ ಮಲಗಿತು ಅಂದುಕೊಳ್ಳುತ್ತೇವೆ. ಆದರೆ ಎರಡು ಹೂಂಗಳ ನಡುವೆ ಎಷ್ಟು ಹೊತ್ತು ಆಗುತ್ತದೋ ಅದಕ್ಕಿಂತ ಜಾಸ್ತಿ ಕಾಯಬೇಕು. ಕಡಿಮೆ ಕಾದರೆ ಎಚ್ಚರವಿರುವ ಮಗುವನ್ನು ಮಲಗಿತು ಅಂತ ಬಿಟ್ಟು ಎದ್ದು ಹೋದ ಹಾಗೆ. ಈ "ಎಷ್ಟು ಹೊತ್ತು" ಎನ್ನುವುದು ರಿಮೋಟ್‌ನ ಪ್ರೋಟೊಕಾಲ್‌ಗೆ (ಸಂಕೇತ ಕಳಿಸುವ ನಿಯಮಕ್ಕೆ) ಸೇರಿದ ವಿಷಯ. ಪ್ರಾಡಕ್ಟ್ ಮ್ಯಾನೇಜರ್ ಮೀಟಿಂಗ್‌ನಲ್ಲಿ ನಿರ್ಧರಿಸುವ ಅಂಕಿ ಅಲ್ಲ.

ಫಿಲಿಪ್ಸ್‌ನ ಆರ್‌ಸಿ-5 ಪ್ರೋಟೊಕಾಲ್‌ನಲ್ಲಿ ಫ್ರೇಮ್ ಸುಮಾರು 114 ಮಿಲಿಸೆಕೆಂಡಿಗೊಮ್ಮೆ ಬರುತ್ತದೆ. ಫ್ರೇಮ್‌ನಲ್ಲಿ 14 ಬಿಟ್. ಮೂರನೆಯದು ಟಾಗಲ್ ಬಿಟ್. ಒತ್ತಿಕೊಂಡೇ ಇದ್ದರೆ ಅದು ಬದಲಾಗುವುದಿಲ್ಲ. ಬಿಟ್ಟು ಮತ್ತೆ ಒತ್ತಿದರೆ 0 ಇದ್ದದ್ದು 1 ಆಗುತ್ತದೆ, 1 ಇದ್ದದ್ದು 0. ರಿಮೋಟ್ ಲೋಕದಲ್ಲಿ "ಇದು ಹೊಸ ಒತ್ತು" ಅಂತ ನೇರವಾಗಿ ಹೇಳುವ ವ್ಯವಸ್ಥೆಗಳಲ್ಲಿ ಇದಕ್ಕಿಂತ ಚೊಕ್ಕವಾದದ್ದು ನಾನು ಕಂಡಿಲ್ಲ. ಜನ ಮೊದಲು ಕಿತ್ತು ಬಿಸಾಡುವುದೂ ಇದನ್ನೇ.

ಒಂದು ಕಂಪನಿಯ ಕಥೆ ಹೇಳುತ್ತೇನೆ, ಹೆಸರು ಬೇಡ. ಅವರ ಚಿಪ್‌ನಲ್ಲಿ ಹಾರ್ಡ್‌ವೇರೇ ಆರ್‌ಸಿ-5 ಡಿಕೋಡ್ ಮಾಡಿ 14 ಬಿಟ್ ಕೊಡುತ್ತಿತ್ತು. ಡ್ರೈವರ್ ಬರೆದ ಹುಡುಗ 5 ಒತ್ತಿ ನೋಡಿದ. ಹೆಕ್ಸ್‌ನಲ್ಲಿ 3005 ಬಂತು. ಮತ್ತೆ ಒತ್ತಿದ, 3805 ಬಂತು. ಒಂದೇ ಬಟನ್‌ಗೆ ಎರಡು ಕೋಡ್! ಯಾವ ಕೋಡ್‌ಗೆ ಯಾವ ಕೀ ಅಂತ ಹೇಳುವ ಕೀಮ್ಯಾಪ್‌ನಲ್ಲಿ ಎರಡೆರಡು ಸಾಲು ಬರೆಯುವ ಬದಲು ಆ ಬಿಟ್ಟನ್ನು ಅಳಿಸಿದ. ಅಲ್ಲಿಯವರೆಗೆ ಸರಿಯೇ. ಸ್ಕ್ಯಾನ್‌ಕೋಡ್‌ನಲ್ಲಿ, ಅಂದರೆ ಬಟನ್ ಗುರುತಿಸುವ ಅಂಕಿಯಲ್ಲಿ, ಟಾಗಲ್ ಇರಬಾರದು. ಆದರೆ ಅಳಿಸಿದ್ದನ್ನು ಕರ್ನಲ್‌ಗೆ ಬೇರೆಯಾಗಿ ಕೊಡಬೇಕಿತ್ತು. ಕರ್ನಲ್‌ನಲ್ಲಿ ರಿಮೋಟ್‌ಗಳನ್ನು ನೋಡಿಕೊಳ್ಳುವ ಭಾಗವಾದ ಆರ್‌ಸಿ-ಕೋರ್‌ನ ಕೀಡೌನ್ ಫಂಕ್ಷನ್ ಪ್ರೋಟೊಕಾಲ್ ಮತ್ತು ಸ್ಕ್ಯಾನ್‌ಕೋಡ್ ಆದಮೇಲೆ ಟಾಗಲ್ ಅಂತಲೇ ಒಂದು ಆರ್ಗ್ಯುಮೆಂಟ್ ಕೇಳುತ್ತದೆ. ಅಲ್ಲಿ ಅವನು ಯಾವಾಗಲೂ 0 ಕೊಟ್ಟ.

ಆಗ ಏನಾಗುತ್ತದೆ? 55 ಒತ್ತಿದಾಗ ಎರಡನೇ 5ರ ಫ್ರೇಮ್ ಮೊದಲನೆಯದರ ಕಾಯುವ ಸಮಯ ಮುಗಿಯುವ ಮೊದಲೇ ಬರುತ್ತದೆ. ಕೋರ್ ನೋಡುತ್ತದೆ: ಅದೇ ಪ್ರೋಟೊಕಾಲ್, ಅದೇ ಸ್ಕ್ಯಾನ್‌ಕೋಡ್, ಅದೇ ಟಾಗಲ್. ಬೆರಳು ಇನ್ನೂ ಬಟನ್ ಮೇಲೇ ಇದೆ ಅಂದುಕೊಳ್ಳುತ್ತದೆ. ಎರಡನೇ 5 ಮಾಯ. ಚಾನೆಲ್ 155ಕ್ಕೆ ಹೋಗಬೇಕಾದವರು 15ಕ್ಕೆ ಹೋಗುತ್ತಾರೆ.

ಮ್ಯಾನೇಜರ್ ಹೇಳಿದರು, "ಕಾಯುವ ಸಮಯ ಜಾಸ್ತಿಯಾಯ್ತು, 100 ಮಿಲಿಸೆಕೆಂಡ್ ಮಾಡಿ." ಮಾಡಿದರು. 55 ಬರತೊಡಗಿತು, ಎಲ್ಲರಿಗೂ ಖುಷಿ. ಎರಡು ದಿನದಲ್ಲಿ ಹೊಸ ದೂರು: 5 ಒತ್ತಿದರೆ 55 ಬರುತ್ತಿದೆ. ಬರಲೇಬೇಕಲ್ವಾ? ಫ್ರೇಮ್ ಬರುವುದು 114ಕ್ಕೊಮ್ಮೆ, ಇವರು ಕಾಯುವುದು 100. ಪ್ರತಿ ಫ್ರೇಮ್ ಬರುವ ಮೊದಲೇ "ಬಿಟ್ಟರು" ಅಂತ ಕರ್ನಲ್ ತೀರ್ಮಾನ ಮಾಡುತ್ತದೆ, ಮುಂದಿನ ಫ್ರೇಮ್ ಹೊಸ ಒತ್ತಾಗುತ್ತದೆ. ಬೆರಳು ಸ್ವಲ್ಪ ತಡೆದರೆ ಸಾಕು, ಎರಡು ಫ್ರೇಮ್ ಹೋಗುತ್ತದೆ. ಒಂದು ಸೆಕೆಂಡ್ ಒತ್ತಿಹಿಡಿದರೆ ಎಂಟೊಂಬತ್ತು ಒತ್ತು. ಓಕೆ ಬಟನ್ ಒತ್ತಿಹಿಡಿದು ಮೆನು ತೆರೆಯುವ ಸೌಲಭ್ಯ ಸತ್ತೇ ಹೋಯಿತು.

ಅದಕ್ಕೂ ಮದ್ದು ಕಂಡುಹಿಡಿದರು. 300 ಮಿಲಿಸೆಕೆಂಡ್ ಒಳಗೆ ಅದೇ ಕೀ ಬಂದರೆ ಲೆಕ್ಕಕ್ಕೆ ಹಿಡಿಯಬೇಡ ಅಂತ ಡ್ರೈವರ್‌ನಲ್ಲಿ ಒಂದು ಷರತ್ತು. ಡಿಬೌನ್ಸ್ (ಒಂದೇ ಒತ್ತು ಎರಡಾಗದ ಹಾಗೆ ತಡೆಯುವುದು) ಅಂತ ಕಾಮೆಂಟ್ ಬೇರೆ ಬರೆದಿದ್ದರು. ಈಗ 55 ಒತ್ತಿದರೆ 5. ಸುತ್ತಿ ಸುತ್ತಿ ಹೊರಟ ಜಾಗಕ್ಕೇ ಬಂದು ನಿಂತರು, ಆಮೇಲೆ ನನಗೆ ಮೇಲ್ ಬರೆದರು.

ಅಲ್ಲಿ ಟೆಸ್ಟಿಂಗ್‌ನಲ್ಲಿ ಒಬ್ಬರು ಹೆಣ್ಣುಮಗಳಿದ್ದರು. ಕೋಡ್ ಓದುವವರಲ್ಲ. ಅವರ ರಿಪೋರ್ಟ್‌ನಲ್ಲಿ ಒಂದು ಸಾಲು ಇತ್ತು: 55 ಬೇಗ ಒತ್ತಿದರೆ ತಪ್ಪುತ್ತದೆ, ನಿಧಾನ ಒತ್ತಿದರೆ ಸರಿ, 56 ಎಷ್ಟು ಬೇಗ ಒತ್ತಿದರೂ ಸರಿ. ಇಡೀ ರೋಗ ಆ ಸಾಲಿನಲ್ಲಿ ಇದೆ. ಬೇರೆ ಬೇರೆ ಅಂಕಿ ಸರಿ ಬಂದು, ಒಂದೇ ಅಂಕಿ ಎರಡು ಸಲ ಒತ್ತಿದಾಗ ಮಾತ್ರ ತಪ್ಪಿದರೆ ರಿಸೀವರ್ ಸರಿ ಇದೆ, ಡಿಕೋಡಿಂಗ್ ಸರಿ ಇದೆ, ಹೊಸ ಒತ್ತು ಯಾವುದು ಅಂತ ಗುರುತಿಸುವ ಜಾಗದಲ್ಲಿ ಮಾತ್ರ ತಪ್ಪಿದೆ. ಇಂಥವರ ಸಂಬಳ ಜಾಸ್ತಿ ಮಾಡಿ ಅಂತ ಅವರ ಮ್ಯಾನೇಜರ್‌ಗೆ ಹೇಳಿದ್ದೇನೆ. ಮಾಡಿದರೋ ಇಲ್ಲವೋ.

ರಿಪೇರಿ ಎಷ್ಟು ಸಾಲಿನದು ಗೊತ್ತಾ? ಟಾಗಲ್ ಬಿಟ್ಟನ್ನು ಕೀಡೌನ್‌ಗೆ ಕೊಡುವುದು, ಉಳಿದ ಎರಡೂ ಮದ್ದು ಕಿತ್ತುಹಾಕುವುದು. ಟಾಗಲ್ ಬದಲಾದರೆ ಕೋರ್ ತಾನೇ ಹಳೆಯ ಒತ್ತನ್ನು ಮುಗಿಸಿ ಹೊಸದನ್ನು ಶುರು ಮಾಡುತ್ತದೆ. ಕಾಯುವ ಸಮಯ ಮುಗಿದಿದೆಯೋ ಇಲ್ಲವೋ ನೋಡುವುದೇ ಇಲ್ಲ.

ಎನ್‌ಇಸಿ ಪ್ರೋಟೊಕಾಲ್‌ನ ದಾರಿ ಬೇರೆ. ಟಾಗಲ್ ಇಲ್ಲ. ಹೊಸದಾಗಿ ಒತ್ತಿದಾಗ 9 ಮಿಲಿಸೆಕೆಂಡ್ ಬೆಳಕು, 4.5 ಮಿಲಿಸೆಕೆಂಡ್ ಖಾಲಿ, ಆಮೇಲೆ 32 ಬಿಟ್. ಒತ್ತಿಕೊಂಡೇ ಇದ್ದರೆ ಸುಮಾರು 110 ಮಿಲಿಸೆಕೆಂಡಿಗೊಮ್ಮೆ ಒಂದು ಚಿಕ್ಕ ರಿಪೀಟ್ ಕೋಡ್: 9 ಬೆಳಕು, 2.25 ಖಾಲಿ, ಒಂದು ಚುಟುಕು ಬೆಳಕು. ಅದರಲ್ಲಿ ಅಡ್ರೆಸ್ ಇಲ್ಲ, ಕಮಾಂಡ್ ಇಲ್ಲ. "ಇನ್ನೂ ಒತ್ತಿದ್ದೇನೆ" ಅಷ್ಟೇ. ಯಾವ ರಿಮೋಟು, ಯಾವ ಬಟನ್ ಅಂತ ಹೇಳುವುದಿಲ್ಲ.

ಇಲ್ಲಿ ನಡೆಯುವ ಎಡವಟ್ಟು ಇನ್ನೂ ಮಜವಾಗಿದೆ. ಡ್ರೈವರ್ ತನ್ನ ರಿಮೋಟ್‌ನ ಅಡ್ರೆಸ್ ಇಲ್ಲದ ಫ್ರೇಮ್‌ಗಳನ್ನು ಬಾಗಿಲಲ್ಲೇ ಬಿಸಾಡುತ್ತದೆ. ಒಳ್ಳೆಯದು ಮಾಡಿದೆ ಅಂದುಕೊಳ್ಳುತ್ತದೆ. ಕೊನೆಯ ಕೀ ಯಾವುದು ಅಂತ ನೆನಪಿಟ್ಟುಕೊಳ್ಳುತ್ತದೆ. ರಿಪೀಟ್ ಬಂದಾಗಲೆಲ್ಲ ಅದೇ ಕೀ ಮತ್ತೆ ಒತ್ತುತ್ತದೆ. ನಮ್ಮ ಮನೆಗಳಲ್ಲಿ ಟಿವಿಗೊಂದು ರಿಮೋಟು, ಬಾಕ್ಸಿಗೊಂದು, ಸೌಂಡ್‌ಬಾರ್‌ಗೊಂದು. ಬಾಕ್ಸಿನ ರಿಮೋಟ್‌ನಲ್ಲಿ ಚಾನೆಲ್ ಬದಲಿಸಿ, ಟಿವಿ ರಿಮೋಟ್‌ನಲ್ಲಿ ವಾಲ್ಯೂಮ್ ಒತ್ತಿಹಿಡಿದಿರಿ ಅನ್ನಿ. ಎರಡೂ ಎನ್‌ಇಸಿ. ಟಿವಿಯ ಪೂರ್ತಿ ಫ್ರೇಮನ್ನು ಡ್ರೈವರ್ ಬಿಸಾಡಿತು. ಹಿಂದೆಯೇ ಬಂದ ರಿಪೀಟ್ ಕೋಡ್‌ಗೆ ಅಡ್ರೆಸ್ ಇಲ್ಲ, ಆದ್ದರಿಂದ ಅದು ಒಳಗೆ ಬಂತು. ವಾಲ್ಯೂಮ್ ಏರುವ ಜೊತೆಗೆ ಚಾನೆಲ್ ಓಡತೊಡಗುತ್ತದೆ. ಬಾಕ್ಸಿಗೆ ದೆವ್ವ ಹಿಡಿದಿದೆ ಅಂತ ಗ್ರಾಹಕರು ಕಸ್ಟಮರ್ ಕೇರ್‌ಗೆ ಫೋನ್ ಮಾಡುತ್ತಾರೆ. ಅವರನ್ನು ಬೈಯುವ ಹಾಗಿಲ್ಲ.

ಸರಿಯಾದ ದಾರಿ: ಬಂದದ್ದನ್ನೆಲ್ಲ ಕೋರ್‌ಗೆ ಕೊಡಿ, ಪಕ್ಕದ ರಿಮೋಟ್‌ನದ್ದನ್ನೂ. ಕೀಮ್ಯಾಪ್‌ನಲ್ಲಿ ಅದು ಸಿಗುವುದಿಲ್ಲ, ಕೀ ಏನೂ ಹೋಗುವುದಿಲ್ಲ. ಆದರೆ ಬೇರೆ ಸ್ಕ್ಯಾನ್‌ಕೋಡ್ ಬಂದಿದ್ದರಿಂದ ಹಳೆಯ ಒತ್ತು ಮುಗಿಯುತ್ತದೆ. ರಿಪೀಟ್ ಕೋಡ್ ಬಂದರೆ ಆರ್‌ಸಿ-ಕೋರ್‌ನ ರಿಪೀಟ್ ಫಂಕ್ಷನ್ ಕರೆಯಿರಿ. ಆಗ ಯಾವ ಕೀ ಒತ್ತಿದ ಸ್ಥಿತಿಯಲ್ಲೂ ಇಲ್ಲದಿದ್ದರೆ ಅದು ಕೀ ಕಳಿಸುವುದಿಲ್ಲ. ನೆನಪಿಟ್ಟುಕೊಳ್ಳುವ ಕೆಲಸ ಡ್ರೈವರ್‌ನದ್ದಲ್ಲ.

ಎಚ್ಚರಿಕೆಯ ಮಾತೂ ಹೇಳಬೇಕು. ಎನ್‌ಇಸಿ ಅಂತ ಹೇಳಿಕೊಳ್ಳುವ ಅಗ್ಗದ ರಿಮೋಟ್‌ಗಳು ಕೆಲವು ರಿಪೀಟ್ ಕೋಡ್ ಕಳಿಸುವುದೇ ಇಲ್ಲ. ಒತ್ತಿದಷ್ಟು ಹೊತ್ತೂ ಪೂರ್ತಿ ಫ್ರೇಮನ್ನೇ ಕಳಿಸುತ್ತವೆ. ಸೋನಿಯದ್ದೂ ಹೀಗೇ: ಟಾಗಲ್ ಇಲ್ಲ, ರಿಪೀಟ್ ಕೋಡ್ ಇಲ್ಲ, ಸುಮಾರು 45 ಮಿಲಿಸೆಕೆಂಡಿಗೊಮ್ಮೆ ಅದೇ ಫ್ರೇಮ್. ಚಿಟಿಕೆ ಹೊಡೆದಷ್ಟು ಹೊತ್ತು ಒತ್ತಿದರೂ ಸಾಮಾನ್ಯವಾಗಿ ಕನಿಷ್ಠ ಮೂರು ಸಲ ಕಳಿಸುತ್ತದೆ. ಫ್ರೇಮ್ ಎಣಿಸಿ ಒತ್ತು ಎಣಿಸುವವರಿಗೆ ಇಲ್ಲಿ ಒಂದಕ್ಕೆ ಮೂರು ಸಿಗುತ್ತದೆ. ಇಂಥ ಕಡೆ ಊಹೆ ಬಿಟ್ಟರೆ ಗತಿಯಿಲ್ಲ, ತುಂಬ ಬೇಗ 55 ಒತ್ತಿದರೆ ಒಂದು ಕಳೆದುಹೋಗಬಹುದು. ಅದು ರಿಮೋಟ್‌ನ ಮಿತಿ. ಡ್ರೈವರ್‌ನಲ್ಲಿ ಅದಕ್ಕೆ ಪರಿಹಾರ ಇದೆ ಅಂತ ನಾನು ಯಾರಿಗೂ ಮಾತು ಕೊಡುವುದಿಲ್ಲ.

ಊಹೆಯನ್ನು ಚೆನ್ನಾಗಿ ಮಾಡುವ ಕೆಲಸ ಕೋರ್‌ನಲ್ಲಿ ಆಗಿದೆ. 2010ರಲ್ಲಿ ಈ ವ್ಯವಸ್ಥೆ ಕರ್ನಲ್ ಒಳಗೆ ಬಂದ ಮೇಲೆ ಬಹಳ ಕಾಲ ಎಲ್ಲ ಪ್ರೋಟೊಕಾಲ್‌ಗೂ ಒಂದೇ 250 ಮಿಲಿಸೆಕೆಂಡ್ ಇತ್ತು. 2018ರ ಸುಮಾರಿಗೆ ಪ್ರೋಟೊಕಾಲ್‌ಗೆ ತಕ್ಕಂತೆ ಬೇರೆ ಬೇರೆ ಮಾಡಿದರು. ಚಿಪ್ ಕಂಪನಿ ಕೊಡುವ ಹಳೆಯ ಕರ್ನಲ್ ಇಟ್ಟುಕೊಂಡಿದ್ದರೆ ನಿಮ್ಮಲ್ಲಿ ಯಾವುದಿದೆ ನೋಡಿಕೊಳ್ಳಿ. ನಾನು ಹೇಳುತ್ತಿರುವುದು ಮುಖ್ಯ ಕರ್ನಲ್‌ನ ವಿಷಯ. ಅವರ ಕೈ ಆಡಿದ ಕೋಡ್‌ನಲ್ಲಿ ಏನು ಬೇಕಾದರೂ ಇರಬಹುದು. ಕೋರನ್ನೇ ಬಿಟ್ಟು ನೇರವಾಗಿ ಇನ್‌ಪುಟ್‌ಗೆ ಕೀ ತಳ್ಳುವ ಡ್ರೈವರ್‌ಗಳನ್ನು ಈಗಲೂ ನೋಡುತ್ತೇನೆ.

ಇನ್ನೊಂದು ಪ್ರಶ್ನೆ ಪದೇ ಪದೇ ಬರುತ್ತದೆ: "ಫ್ರೇಮ್ 114ಕ್ಕೊಮ್ಮೆ ಬರುತ್ತಿದ್ದರೂ ವಾಲ್ಯೂಮ್ ಅರ್ಧ ಸೆಕೆಂಡ್ ತಡೆದು ಏರುತ್ತದಲ್ಲ, ಯಾಕೆ?" ಏಕೆಂದರೆ ಒತ್ತಿಹಿಡಿದಾಗಿನ ಪುನರಾವರ್ತನೆಯನ್ನು ಇನ್‌ಪುಟ್ ವ್ಯವಸ್ಥೆ ತಾನೇ ಹುಟ್ಟಿಸುತ್ತದೆ. ಮೊದಲು 500 ಮಿಲಿಸೆಕೆಂಡ್ ಕಾದು, ಆಮೇಲೆ 125ಕ್ಕೊಮ್ಮೆ. ಗಾಳಿಯಲ್ಲಿ ಬರುವ ಫ್ರೇಮ್‌ಗಳು ಆ ಒತ್ತನ್ನು ಜೀವಂತ ಇಡುತ್ತವೆ, ಅಷ್ಟೇ. ಬೇಡವಾದರೆ ಐಆರ್-ಕೀಟೇಬಲ್ ಎನ್ನುವ ಕಮಾಂಡ್‌ನಿಂದ ಆ ಎರಡು ಅಂಕಿ ಬದಲಿಸಿ. ಡ್ರೈವರ್ ತೆರೆಯಬೇಡಿ.

ಏಸಿ ರಿಮೋಟ್ ತಂದುಕೊಟ್ಟು ಇದಕ್ಕೂ ಕೀಮ್ಯಾಪ್ ಮಾಡಿ ಅನ್ನುವವರಿದ್ದಾರೆ. ಅದು ಸಾಮಾನ್ಯವಾಗಿ ಬಟನ್ ಕಳಿಸುವುದಿಲ್ಲ, ತಾಪಮಾನ, ಫ್ಯಾನು, ಮೋಡು ಎಲ್ಲ ಸೇರಿದ ಇಡೀ ಸ್ಥಿತಿಯನ್ನು ಪ್ರತಿ ಸಲ ಕಳಿಸುತ್ತದೆ. ಅದು ಬೇರೆಯೇ ಕೆಲಸ. ವಿಚಿತ್ರ ಪ್ರೋಟೊಕಾಲ್ ಇದ್ದರೆ ಕರ್ನಲ್‌ಗೆ ಹೊಸ ಡಿಕೋಡರ್ ಸೇರಿಸಲು ಓಡಬೇಡಿ. ಕರ್ನಲ್ 4.18ರಿಂದ ಬಿಪಿಎಫ್‌ನಲ್ಲಿ (ಕರ್ನಲ್ ತಿದ್ದದೆ ಅದರೊಳಗೆ ಸಣ್ಣ ಪ್ರೋಗ್ರಾಂ ಓಡಿಸುವ ವ್ಯವಸ್ಥೆ) ಡಿಕೋಡರ್ ಬರೆದು ಹೊರಗಿನಿಂದಲೇ ಹಾಕಬಹುದು.

ಇನ್ನು ಮೇಲ್ ಬರೆಯುವವರಿಗೆ. ಪ್ಯಾಚ್ ಬೇಡ. ಐಆರ್-ಕೀಟೇಬಲ್ ಟೆಸ್ಟ್ ಮೋಡ್‌ನಲ್ಲಿ ಓಡಿಸಿ, 5 ಬಟನ್ ಎರಡು ಸಲ ಬೇಗ ಒತ್ತಿ, ಆಮೇಲೆ ಎರಡು ಸೆಕೆಂಡ್ ಒತ್ತಿಹಿಡಿದು, ಬಂದದ್ದನ್ನೆಲ್ಲ ಹಾಗೇ ಕಳಿಸಿ. ಆರ್‌ಸಿ-5 ಆದರೆ ಟಾಗಲ್ ಬದಲಾಗುತ್ತಿದೆಯಾ, ಎನ್‌ಇಸಿ ಆದರೆ ರಿಪೀಟ್ ಅಂತ ಬರುತ್ತಿದೆಯಾ, ಎರಡೂ ಅದರಲ್ಲೇ ಕಾಣುತ್ತದೆ. ಸಾಧ್ಯವಾದರೆ ರಿಮೋಟನ್ನೂ ಕೊರಿಯರ್ ಮಾಡಿ. ಸೆಲ್ ಹಾಕಿ ಕಳಿಸಿ, ದಯವಿಟ್ಟು.