ಸುತ್ತ ಹತ್ತು ಮಂದಿ ನಿಂತರೂ ಒಬ್ಬನೇ ಯಾಕೆ ಬರುತ್ತಾನೆ?

ಸೇಡಂನಿಂದ ಒಬ್ಬ ಹುಡುಗ ಕೇಳಿದ್ದಾನೆ. ಅವನ ಮಾತಿನಲ್ಲೇ ಹಾಕುತ್ತೇನೆ: “ಅಣ್ಣಾ, ಕುಂಗ್ ಫು ಪಾಂಡಾ ಗೇಮ್ ಆಡ್ಲಾಕತ್ತೀನಿ. ಸುತ್ತ ಹತ್ತು ಮಂದಿ ನಿಂತಿರ್ತಾರ, ಆದ್ರ ಒಬ್ಬೊಬ್ಬನೇ ಬಂದು ಹೊಡ್ತ ತಿಂದು ಹೋಗ್ತಾನ. ಅದೇ ಗುಂಡಿ, ಬೆಂಕಿ, ಬೀಳೋ ಹಲಗಿ ಬಂದ್ರ ಒಂದ್ ಸಲ ತಪ್ಪಿದ್ರೂ ಮತ್ತ ಹಿಂದಿಂದ ಶುರು. ಶತ್ರುಗಳು ದಡ್ಡರೇನು? ಈ ಬಲೆಗಳಿಗೆ ಯಾಕ ಇಷ್ಟು ಸಿಟ್ಟು?”

ಈ ಪ್ರಶ್ನೆ ಅವನೊಬ್ಬನದೇ ಅಲ್ಲ. ಪ್ರಾಣಿಗಳು ಕುಂಗ್ ಫು ಮಾಡುವ ಆಟವನ್ನು ಆಡಿದ ಮಕ್ಕಳೆಲ್ಲ ಒಂದಲ್ಲ ಒಂದು ದಿನ ಇದನ್ನು ಕೇಳುತ್ತಾರೆ. ನನ್ನ ಅಕ್ಕನ ಮಗಳೂ ಕೇಳಿದ್ದಳು.

ಉತ್ತರ ಮೊದಲೇ ಹೇಳಿಬಿಡುತ್ತೇನೆ ತಮ್ಮಾ. ಶತ್ರುಗಳು ದಡ್ಡರಲ್ಲ, ಅವರ ಬೆನ್ನ ಹಿಂದೆ ಒಬ್ಬ ವಸ್ತಾದ ಕೂತಿದ್ದಾನೆ. ಬಲೆಯ ಹಿಂದೆ ಯಾರೂ ಇಲ್ಲ. ಅಲ್ಲಿ ಒಂದು ಗಡಿಯಾರ ಓಡುತ್ತಿದೆ, ಅಷ್ಟೇ.

ವಸ್ತಾದ ಅಂದಿದ್ದು ಯಾಕೆ ಅಂತ ಹೇಳುತ್ತೇನೆ. ನಮ್ಮ ಕಲಬುರಗಿ ಕಡೆ ಕುಸ್ತಿ ಕಲಿಯುವ ಜಾಗಕ್ಕೆ ತಾಲೀಮು ಅಂತೀವಿ, ಕಲಿಸುವವನಿಗೆ ವಸ್ತಾದ. ನಮ್ಮ ಕಾಕಾ ದಿನಾ ಬೆಳಿಗ್ಗೆ ಹೋಗುತ್ತಿದ್ದರು, ನಾನು ಸಣ್ಣವನಿದ್ದಾಗ ಕೆಲವು ಸಲ ಅವರ ಹಿಂದೆ ಹೋಗಿ ಗೋಡೆಗೆ ಒರಗಿ ಕೂತು ನೋಡಿದ್ದೇನೆ. ಹೊಸ ಹುಡುಗ ಮಣ್ಣಿಗೆ ಇಳಿದ ದಿನ ವಸ್ತಾದ ಅವನ ಮೇಲೆ ಐದು ಜನರನ್ನು ಒಟ್ಟಿಗೆ ಬಿಡುವುದಿಲ್ಲ. ಒಬ್ಬನನ್ನು ಕಣ್ಣಿನಲ್ಲೇ ಕರೆಯುತ್ತಾನೆ. ಅವನು ಎರಡು ಪಟ್ಟು ಹಾಕಿ ಹಿಂದೆ ಸರಿದ ಮೇಲೆ ಇನ್ನೊಬ್ಬ. ಉಳಿದವರು ಸುತ್ತ ನಿಂತು ತೊಡೆ ತಟ್ಟುತ್ತಾರೆ, ಕೂಗುತ್ತಾರೆ, ನೋಡುವವರಿಗೆ ಈಗ ಎಲ್ಲರೂ ಮೇಲೆ ಬಿದ್ದೇ ಬಿಡುತ್ತಾರೆ ಅನ್ನಿಸುತ್ತದೆ. ಆದರೆ ವಸ್ತಾದನ ಸನ್ನೆ ಇಲ್ಲದೆ ಯಾರೂ ಹೆಜ್ಜೆ ಇಡುವುದಿಲ್ಲ. ಹುಡುಗ ಗಟ್ಟಿಯಾದ ಮೇಲೆ ಒಬ್ಬನನ್ನು ಎದುರಿಸಿ ಸುಸ್ತಾಗಿ ನಿಂತಿರುವಾಗಲೇ ಮತ್ತೊಬ್ಬನನ್ನು ಬಿಡುತ್ತಾನೆ.

ಆಟದ ಒಳಗೂ ನಡೆಯುವುದು ಇದೇ. ಆಟ ಮಾಡುವವರು ಇದಕ್ಕೆ ಇಟ್ಟ ಹೆಸರೇ ಕುಂಗ್ ಫು ಸರ್ಕಲ್. ಕುಂಗ್ ಫು ಸಿನಿಮಾಗಳಲ್ಲಿ ಹೀರೋ ನಡುವೆ ನಿಲ್ಲುತ್ತಾನೆ, ಖಳರು ಸುತ್ತ ನಿಂತು ಒಬ್ಬೊಬ್ಬರಾಗಿ ಬರುತ್ತಾರಲ್ವಾ, ಹೆಸರು ಅಲ್ಲಿಂದಲೇ ಬಂದಿದೆ. ಕಂಪ್ಯೂಟರಿನ ಕಡೆಯಿಂದ ನೋಡಿದರೆ ಇದು ಚೀಟಿ ಕೊಡುವ ಪದ್ಧತಿ. ಹೊಡೆಯಬೇಕು ಅನ್ನುವ ಶತ್ರು ಮೊದಲು ಒಂದು ಚೀಟಿ ಕೇಳಬೇಕು. ಆಟದ ಬಳಿ ಇರುವುದು ಒಂದೋ ಎರಡೋ ಚೀಟಿ. ಸಿಕ್ಕವನು ಬಂದು ಹೊಡೆಯುತ್ತಾನೆ, ಮುಗಿದ ಮೇಲೆ ಚೀಟಿ ವಾಪಸ್. ಸಿಗದವನು ದೂರದಲ್ಲಿ ಸುತ್ತು ಹಾಕುತ್ತಾನೆ, ಗುರುಗುಟ್ಟುತ್ತಾನೆ, ಮುಂದೆ ಬಂದ ಹಾಗೆ ಮಾಡಿ ಹಿಂದೆ ಹೋಗುತ್ತಾನೆ. ಸುಮ್ನೆ ನಿಂತಿದ್ದಾನೆ ಅಂತ ನಿನಗೆ ಅನ್ನಿಸಬಾರದು, ಅದಕ್ಕೇ ಆ ನಟನೆ.

2012ರಲ್ಲಿ ಬಂದ ಕಿಂಗ್‌ಡಮ್ಸ್ ಆಫ್ ಅಮಲೂರ್: ರೆಕನಿಂಗ್ ಅನ್ನುವ ಆಟದಲ್ಲಿ ಇದನ್ನು ಇನ್ನೂ ಚೆನ್ನಾಗಿ ಬೆಳೆಸಿದ್ದಾರೆ. ಆಡುವವನ ಸುತ್ತ ಕಣ್ಣಿಗೆ ಕಾಣದ ಎಂಟು ಮನೆಗಳು, ಹುಲಿ ಕುರಿ ಆಟಕ್ಕೆ ನೆಲದ ಮೇಲೆ ಗೆರೆ ಹಾಕಿದ ಹಾಗೆ. ಹತ್ತಿರ ಬರುವ ಶತ್ರುವಿಗೆ ಅದರಲ್ಲಿ ಒಂದು ಮನೆ ಸಿಗಬೇಕು. ಪ್ರತಿ ಶತ್ರುವಿಗೂ ಒಂದು ತೂಕ ಇದೆ, ಪ್ರತಿ ಹೊಡೆತಕ್ಕೂ ಒಂದು ತೂಕ ಇದೆ, ಒಟ್ಟು ತೂಕಕ್ಕೆ ಒಂದು ಮಿತಿ ಇದೆ. ದೊಡ್ಡ ದೈತ್ಯ ಬಂದು ನಿಂತರೆ ಜಾಸ್ತಿ ತೂಕ ಅವನದೇ ಆಗುತ್ತದೆ, ಜೊತೆಗೆ ಬರಲು ಸಣ್ಣವರಿಗೆ ಹೆಚ್ಚು ಜಾಗ ಉಳಿಯುವುದಿಲ್ಲ. ಸಣ್ಣವರೇ ಆದರೆ ಇನ್ನೂ ಹೆಚ್ಚು ಜನ ಬರಬಹುದು. ಆಟ ಕಷ್ಟ ಆಗಬೇಕು ಅಂತ ನೀನು ಆರಿಸಿಕೊಂಡರೆ ಆ ಮಿತಿ ಏರುತ್ತದೆ, ಒಟ್ಟಿಗೆ ಇನ್ನಷ್ಟು ಜನ ಬರಬಹುದು. ಶತ್ರುಗಳ ಬುದ್ಧಿ ಬದಲಾಗುವುದಿಲ್ಲ, ವಸ್ತಾದ ಮಾತ್ರ ಸ್ವಲ್ಪ ಬಿಗಿಯಾಗುತ್ತಾನೆ. ಇದನ್ನು ಮೊದಲ ಸಲ ಓದಿದಾಗ ನನಗೆ ಎಷ್ಟು ಖುಷಿಯಾಯಿತು ಅಂದರೆ, ನಮ್ಮ ತಾಲೀಮಿನ ಗೋಡೆಯೇ ಕಣ್ಣ ಮುಂದೆ ಬಂತು.

ಈ ಯೋಚನೆ ಹಳೆಯದು. 1980ರ ಪ್ಯಾಕ್ ಮ್ಯಾನ್ ನೋಡು. ನಾಲ್ಕು ಭೂತಗಳು ಬೆನ್ನು ಹತ್ತುತ್ತವೆ, ಆದರೆ ಪೂರ್ತಿ ಹೊತ್ತು ಅಲ್ಲ. ಮೊದಲ ಹಂತದಲ್ಲಿ 7 ಸೆಕೆಂಡು ತಮ್ಮ ತಮ್ಮ ಮೂಲೆಗೆ ಹೋಗುತ್ತವೆ, ಆಮೇಲೆ 20 ಸೆಕೆಂಡು ಅಟ್ಟಿಸಿಕೊಂಡು ಬರುತ್ತವೆ, ಮತ್ತೆ ಮೂಲೆಗೆ. ಆ 7 ಸೆಕೆಂಡು ನಿನಗೆ ಉಸಿರು ಎಳೆದುಕೊಳ್ಳಲು ಬಿಟ್ಟದ್ದು.

ಇನ್ನು ಪ್ರಾಣಿಗಳ ವಿಷಯ. ಈ ಆಟಗಳಲ್ಲಿ ಮನುಷ್ಯರ ಬದಲು ಪ್ರಾಣಿ ಯಾಕೆ ಅಂದರೆ ಚೆಂದ ಕಾಣುತ್ತವೆ ಅಂತ ಒಂದು ಕಾರಣ, ನನಗೆ ಅದಕ್ಕಿಂತ ದೊಡ್ಡದು ಅನ್ನಿಸುವ ಕಾರಣ ಬೇರೆ ಇದೆ. ಪ್ರಾಣಿಯ ಮೈ ನೋಡಿದರೆ ಅದು ಹೇಗೆ ಹೊಡೆಯುತ್ತದೆ ಅಂತ ಮೊದಲೇ ಗೊತ್ತಾಗುತ್ತದೆ. 2005ರಲ್ಲಿ ಪ್ಲೇಸ್ಟೇಷನ್ 2ಕ್ಕೆ ಬಂದ ಲೆಜೆಂಡ್ ಆಫ್ ಕೇ ಅನ್ನುವ ಆಟದಲ್ಲಿ ಕೇ ಒಂದು ಬೆಕ್ಕು. ಅವನ ದ್ವೀಪವನ್ನು ಹಿಡಿದವರು ಗೊರಿಲ್ಲಾಗಳು ಮತ್ತು ಇಲಿಗಳು. ದೂರದಿಂದ ನೆರಳು ಕಂಡರೂ ಸಾಕು, ಗೊರಿಲ್ಲಾ ಅಂದರೆ ಭಾರದ ಹೊಡೆತ ಅಂತ, ಇಲಿ ಅಂದರೆ ಚುರುಕು ಅಂತ ಯಾರೂ ಹೇಳಿಕೊಡದೆ ಮಗುವಿಗೂ ತಿಳಿಯುತ್ತದೆ. ನೀನು ಆಡುತ್ತಿರುವ ಆಟದಲ್ಲಿ ಪೋ ಅನ್ನುವ ಪಾಂಡಾನ ಜೊತೆಗಾರರು ಐದು ಜನ ಇದ್ದಾರಲ್ಲ, ಹುಲಿ, ಕೊಕ್ಕರೆ, ಕೋತಿ, ಹಾವು, ಮಿಡತೆಯ ಹಾಗೆ ಕಾಣುವ ಮ್ಯಾಂಟಿಸ್, ಆ ಐದೂ ಚೀನಾದ ನಿಜವಾದ ಕುಂಗ್ ಫು ಶೈಲಿಗಳ ಹೆಸರು. ಹುಲಿ ಶೈಲಿಯಲ್ಲಿ ಬೆರಳುಗಳನ್ನು ಪಂಜದ ಹಾಗೆ ಮಡಚಿ ಜೋರಾಗಿ ಎರಗುತ್ತಾರೆ, ಕೊಕ್ಕರೆ ಶೈಲಿಯಲ್ಲಿ ಒಂದು ಕಾಲಿನ ಮೇಲೆ ನಿಂತು ದೂರದಿಂದ ತಡೆಯುತ್ತಾರೆ.

ಮೈ ನೋಡಿ ತಿಳಿಯುವುದು ಯಾಕೆ ಅಷ್ಟು ಮುಖ್ಯ? ಲೆಕ್ಕ ಹಾಕೋಣ. ಆಟ ಸೆಕೆಂಡಿಗೆ 60 ಚಿತ್ರ ತೋರಿಸುತ್ತದೆ ಅಂತಿಟ್ಟುಕೋ. ಕಣ್ಣು ಏನನ್ನೋ ನೋಡಿ, ಬೆರಳು ಬಟನ್ ಒತ್ತಲು ಸುಮಾರು ಕಾಲು ಸೆಕೆಂಡು ಬೇಕು, ಅಂದರೆ 15 ಚಿತ್ರ. ಶತ್ರು ಕೈ ಎತ್ತಿದ ಮೇಲೆ 10 ಚಿತ್ರದೊಳಗೆ ಹೊಡೆದರೆ ಯಾರೂ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಅದಕ್ಕೇ ದೊಡ್ಡ ಹೊಡೆತಕ್ಕೆ ಮೊದಲು ಅವನು ಮೈ ಹಿಂದೆ ಎಳೆದು, ಕೂಗಿ, ಕೈ ಎತ್ತಿ ಅರ್ಧ ಸೆಕೆಂಡು ಸನ್ನೆ ಕೊಡುತ್ತಾನೆ. ಅವನು ನಿಧಾನ ಅಂತ ಅಲ್ಲ, ನಿನಗಾಗಿ ಕಾಯುತ್ತಿದ್ದಾನೆ.

ಈಗ ಗುಂಡಿ, ಬೆಂಕಿ, ಬೀಳುವ ಹಲಗೆಗಳಿಗೆ ಬರೋಣ.

ನಮ್ಮೂರಿನಲ್ಲಿ ದಾಲ್ ಮಿಲ್ ನೋಡದವರು ಯಾರಿದ್ದಾರೆ? ತೊಗರಿ ಒಡೆಯುವ ಯಂತ್ರ ಓಡುತ್ತಿರುತ್ತದೆ, ಬೆಲ್ಟ್ ಸುತ್ತುತ್ತಿರುತ್ತದೆ, ಧೂಳಿನಲ್ಲಿ ಎದುರಿನವರ ಮುಖ ಕಾಣುವುದಿಲ್ಲ. ಆ ಬೆಲ್ಟಿಗೆ ನೀನು ಯಾರು ಅಂತ ಗೊತ್ತಿಲ್ಲ. ಮಾಲೀಕ ಬಂದರೂ ಅದೇ ವೇಗ, ಹೊಸ ಹಮಾಲ ಬಂದರೂ ಅದೇ ವೇಗ. ಆದರೆ ಹತ್ತು ವರ್ಷ ಅಲ್ಲಿ ದುಡಿದವರನ್ನು ನೋಡು, ಚೀಲ ಹೊತ್ತು ಅದರ ಪಕ್ಕದಲ್ಲೇ ನಿರಾಳವಾಗಿ ಓಡಾಡುತ್ತಾರೆ. ಯಂತ್ರ ಅವರಿಗೆ ದಯೆ ತೋರಿಸಿಲ್ಲ, ಅದರ ತಾಳ ಅವರ ಮೈಗೆ ಗೊತ್ತಾಗಿದೆ.

ಬಲೆಯೂ ಹಾಗೇ. ಶತ್ರು ನಿನ್ನನ್ನು ನೋಡುತ್ತಾನೆ, ನೋಡಿ ತನ್ನ ನಡೆ ಬದಲಿಸುತ್ತಾನೆ. ಮುಳ್ಳಿನ ಗೋಡೆ ನಿನ್ನನ್ನು ನೋಡುವುದಿಲ್ಲ. ಮೂರು ಎಣಿಸುವಷ್ಟು ಹೊತ್ತು ಹೊರಗೆ, ಎರಡು ಎಣಿಸುವಷ್ಟು ಹೊತ್ತು ಒಳಗೆ, ನೀನಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ನೀನು ಅದನ್ನು ಸಿಟ್ಟು ಅಂತ ಕರೆದಿದ್ದೀಯ. ನನಗೆ ಅದು ನಂಬಿಗಸ್ತ ಅನ್ನಿಸುತ್ತದೆ. ಆಟದಲ್ಲಿ ನಿನಗೆ ಎಂದೂ ಮೋಸ ಮಾಡದೆ ಇರುವುದು ಅದೊಂದೇ. ಶತ್ರುವಿನ ಹಾಗೆ ಬಲೆಯೂ ನಿನ್ನನ್ನು ನೋಡಿ ನಡೆ ಬದಲಿಸತೊಡಗಿದರೆ ಕಲಿತದ್ದು ಯಾವುದೂ ಎರಡನೇ ಸಲ ಕೆಲಸಕ್ಕೆ ಬರುವುದಿಲ್ಲ, ಆಗ ಯಾರೂ ಆ ಆಟ ಮುಗಿಸಲಾರರು.

ಹಾಗಂತ ಬಲೆಗಳಲ್ಲಿ ಕರುಣೆ ಇಲ್ಲವೇ ಇಲ್ಲ ಅಂತಲೂ ಅಲ್ಲ. ಕಾಣದ ಹಾಗೆ ಇಟ್ಟಿರುತ್ತಾರೆ. 2018ರ ಸೆಲೆಸ್ಟೆ ಅನ್ನುವ ಆಟ ಕಷ್ಟಕ್ಕೇ ಹೆಸರಾಗಿದೆ, ಪರದೆ ತುಂಬ ಮುಳ್ಳು. ಆದರೆ ಅಲ್ಲಿ ಬಂಡೆಯ ಅಂಚು ದಾಟಿದ ಮೇಲೂ ಕೆಲವು ಚಿತ್ರಗಳಷ್ಟು ಹೊತ್ತು ಜಿಗಿತಕ್ಕೆ ಅವಕಾಶ ಇದೆ. ಕಾಲಡಿ ನೆಲ ಇಲ್ಲ, ಆದರೂ ಬಟನ್ ಒತ್ತಿದರೆ ಹಾರುತ್ತೀಯ. ಇದಕ್ಕೆ ಕಯೋಟಿ ಟೈಮ್ ಅಂತ ಹೆಸರು. ಮುಳ್ಳು ಕಣ್ಣಿಗೆ ಕಾಣುವಷ್ಟು ಜಾಗದಲ್ಲೆಲ್ಲ ಚುಚ್ಚುವುದಿಲ್ಲ, ಚುಚ್ಚುವ ಜಾಗ ಚಿತ್ರಕ್ಕಿಂತ ಸ್ವಲ್ಪ ಸಣ್ಣದು. ಕೂದಲೆಳೆಯಲ್ಲಿ ಪಾರಾದೆ ಅಂತ ನೀನು ಕುಣಿಯುವುದು ಎಷ್ಟೋ ಸಲ ಇದರಿಂದಲೇ. ಹೊಡೆತ ಬಿದ್ದ ಮೇಲೆ ನಿನ್ನ ಆಟಗಾರ ಮಿಣುಕುತ್ತಾನಲ್ಲ, ಹೆಚ್ಚಿನ ಆಟಗಳಲ್ಲಿ ಆ ಹೊತ್ತಿನಲ್ಲಿ ಇನ್ನೊಂದು ಹೊಡೆತ ತಾಗುವುದಿಲ್ಲ. ಬೆಂಕಿ ದಾಟುವಾಗ ಒಂದು ಸಲ ಸುಟ್ಟರೆ ಹಿಂದೆ ಓಡಬೇಡ, ಮುಂದೆ ಓಡು.

ನಿನಗೆ ನಿಜವಾಗಿ ಕಷ್ಟ ಆಗುತ್ತಿರುವುದು ಇವೆರಡೂ ಒಟ್ಟಿಗೆ ಬಂದಾಗ, ಅಂತ ನನ್ನ ಊಹೆ. ಹಂತ ಕಟ್ಟುವವರ ಕೈಚಳಕ ಇರುವುದೂ ಅಲ್ಲೇ. ನಿಂಟೆಂಡೋ ಕಂಪನಿಯ ಕೊಯ್ಚಿ ಹಯಾಶಿದಾ ಮಾರಿಯೋ ಆಟಗಳ ಹಂತಗಳನ್ನು ಹೇಗೆ ಕಟ್ಟುತ್ತಾರೆ ಅಂತ ಹೇಳಿದ್ದಾರೆ, ನಾಲ್ಕು ಮೆಟ್ಟಿಲು. ಮೊದಲು ಹೊಸ ಬಲೆಯನ್ನು ಅಪಾಯ ಇಲ್ಲದ ಜಾಗದಲ್ಲಿ ತೋರಿಸಬೇಕು. ಆಮೇಲೆ ಅದನ್ನೇ ಸ್ವಲ್ಪ ಕಷ್ಟ ಮಾಡಬೇಕು. ಮೂರನೆಯದರಲ್ಲಿ ಅದಕ್ಕೆ ಯಾರೂ ಎಣಿಸದ ತಿರುವು ಕೊಡಬೇಕು. ಕೊನೆಗೆ ಕಲಿತದ್ದನ್ನು ತೋರಿಸಲು ಬಿಡಬೇಕು. ನೀನು ಸಾಯುತ್ತಿರುವುದು ಮೂರನೇ ಮೆಟ್ಟಿಲಿನಲ್ಲಿ ಆದರೆ ಮೊದಲನೆಯದನ್ನು ಓಡಿಕೊಂಡು ದಾಟಿಬಿಟ್ಟಿದ್ದೀಯ ಅಂತ ಅರ್ಥ. ವಾಪಸ್ ಹೋಗಿ ನೋಡು, ಅದೇ ಬೀಳುವ ಹಲಗೆ ಕೆಳಗೆ ಗುಂಡಿ ಇಲ್ಲದೆ, ಶತ್ರು ಇಲ್ಲದೆ, ಎಲ್ಲೋ ಸುಮ್ನೆ ಇದ್ದಿರುತ್ತದೆ.

ಬೀದರ್ ಕೋಟೆಗೆ ಹೋದಾಗ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು ನೋಡು. ಬಂಡೆಯನ್ನೇ ಕೊರೆದು ಮಾಡಿದ ಮೂರು ಸಾಲು ಕಂದಕ ಇದೆ. ಒಳಗೆ ಹೋಗುವ ದಾರಿ ನೇರ ಇಲ್ಲ, ಬಾಗಿಲು ದಾಟಿದ ಮೇಲೆ ತಿರುಗುತ್ತದೆ. ಆನೆ ಓಡಿ ಬಂದು ಕದಕ್ಕೆ ಗುದ್ದಬಾರದು ಅಂತ ದಖ್ಖನಿನ ಕೋಟೆಗಳಲ್ಲಿ ಹೀಗೆ ತಿರುವು ಇಡುತ್ತಿದ್ದರು, ಕದಕ್ಕೆ ಕಬ್ಬಿಣದ ಮೊಳೆ ಹೊಡೆಯುತ್ತಿದ್ದರು. ತಿರುವಿನಲ್ಲಿ ಬಂದವರ ವೇಗ ಕಡಿಮೆಯಾಗುತ್ತದೆ, ಅದೇ ಜಾಗಕ್ಕೆ ಮೇಲಿನಿಂದ ಬಾಣ ಬೀಳುತ್ತದೆ. ಕಂದಕ, ತಿರುವು, ಮೊಳೆ ಇವು ಬಲೆ, ಮೇಲೆ ನಿಂತ ಕಾವಲುಗಾರ ಶತ್ರು. ಬಲೆ ನಿನ್ನನ್ನು ನಿಲ್ಲಿಸುತ್ತದೆ, ನಿಂತಾಗ ಶತ್ರು ಹೊಡೆಯುತ್ತಾನೆ. ಪಾಂಡಾ ಆಟದಲ್ಲೂ ಈ ಲೆಕ್ಕವೇ. ಒಂದೇ ವ್ಯತ್ಯಾಸ, ಕೋಟೆ ಕಟ್ಟಿದವರಿಗೆ ನೀನು ಒಳಗೆ ಬರಬಾರದಿತ್ತು. ಆಟ ಕಟ್ಟಿದವರಿಗೆ ನೀನು ಬರಲೇಬೇಕು.

ನನ್ನ ಕಾಲದ್ದು ಒಂದು ಹೇಳಿ ಮುಂದೆ ಹೋಗುತ್ತೇನೆ. ಟಿವಿಗೆ ಚುಚ್ಚುವ ಕ್ಯಾಸೆಟ್ ಗೇಮ್ ಇತ್ತು, ಸೂಪರ್ ಮಾರ್ಕೆಟ್ ಕಡೆಯ ಒಂದು ಅಂಗಡಿಯಿಂದ ಬಾಡಿಗೆಗೆ ತರುತ್ತಿದ್ದೆವು. ಬೇಸಿಗೆ ರಜೆ, ಹೊರಗೆ ಕಾಲಿಡಲಾಗದ ಬಿಸಿಲು, ತಣ್ಣಗಿನ ಶಹಾಬಾದ್ ಪರ್ಶಿ ಕಲ್ಲಿನ ನೆಲದ ಮೇಲೆ ನಾಲ್ಕು ಹುಡುಗರು ಬೋರಲು ಮಲಗಿ ಆಡುತ್ತಿದ್ದೆವು. ಅದರಲ್ಲಿ ಕುಂಗ್ ಫು ಅಂತ ಒಂದು ಆಟ, ಜಪಾನಿನ ಐರೆಮ್ ಕಂಪನಿಯವರು 1984ರಲ್ಲಿ ಮಾಡಿದ್ದು. ಐದು ಮಹಡಿ, ಮಹಡಿಗೊಬ್ಬ ಯಜಮಾನ, ಮೊದಲನೆಯವನ ಕೈಯಲ್ಲಿ ಕೋಲು. ಅಲ್ಲಿ ವಸ್ತಾದ ಇರಲಿಲ್ಲ! ಸಾಲು ಸಾಲಾಗಿ ಬಂದು ತಬ್ಬಿಕೊಳ್ಳುತ್ತಿದ್ದರು, ತಬ್ಬಿದಷ್ಟು ಹೊತ್ತು ಜೀವ ಇಳಿಯುತ್ತಿತ್ತು. ಆದರೆ ಒಂದೇ ಏಟಿಗೆ ಬೀಳುತ್ತಿದ್ದರು, ಅಲ್ಲಿ ಕರುಣೆ ಆ ರೀತಿ. ಎರಡನೇ ಮಹಡಿಗೆ ಹೋದರೆ ಮೇಲಿನಿಂದ ಮಡಕೆ ಬೀಳುತ್ತಿತ್ತು, ಒಡೆದರೆ ಒಳಗಿನಿಂದ ಹಾವು. ನಾವು ನಾಲ್ವರೂ ಅಲ್ಲೇ ಸಾಯುತ್ತಿದ್ದೆವು. ಕೊನೆಗೆ ಒಬ್ಬ ಆಡುವುದು, ಉಳಿದವರು ಮಡಕೆ ಎಲ್ಲಿ ಬೀಳುತ್ತದೆ ಅಂತ ಕೂಗಿ ಹೇಳುವುದು ಅಂತ ಮಾಡಿಕೊಂಡ ಮೇಲೆ ದಾಟಿದೆವು. ಆ ಮಧ್ಯಾಹ್ನ ನನಗೆ ಇವತ್ತಿಗೂ ನೆನಪಿದೆ.

ಈಗ ನಿನಗೆ ಕೆಲಸಕ್ಕೆ ಬರುವ ಮಾತು. ಗುಂಪು ಬಂದಾಗ ಗುಂಡಿಯ ಅಂಚಿನಲ್ಲಿ ನಿಂತು ಹೊಡೆದಾಡಬೇಡ, ಹಿಂದೆ ಸರಿದು ಶತ್ರುಗಳನ್ನು ಬಯಲಿಗೆ ಕರೆ, ಅವರು ಬರುತ್ತಾರೆ. ಚೀಟಿ ಒಬ್ಬನ ಕೈಯಲ್ಲಿ ಇರುತ್ತದೆ ಅಂತ ನೆನಪಿಟ್ಟು, ಹತ್ತು ಮಂದಿಯನ್ನು ನೋಡುವುದು ಬಿಟ್ಟು ಮೈ ಹಿಂದೆ ಎಳೆದವನು ಯಾರು ಅಂತ ಮಾತ್ರ ಹುಡುಕು. ಹಲವು ಆಟಗಳಲ್ಲಿ ಪರದೆಯ ಹೊರಗೆ ಇರುವವನಿಗೆ ಚೀಟಿ ಸಿಗುವುದು ಕಡಿಮೆ, ಹಾಗಾಗಿ ಬೆನ್ನ ಹಿಂದಿನವನ ಬಗ್ಗೆ ಅಷ್ಟು ಹೆದರಬೇಡ. ಬಯಲಿನಲ್ಲಿ ಎಲ್ಲರನ್ನೂ ಮುಗಿಸಿದ ಮೇಲೆ ಬಲೆಯ ಹತ್ತಿರ ಹೋಗು, ಹೋದ ಕೂಡಲೇ ಹಾರಬೇಡ. ರಿಮೋಟ್ ಕೆಳಗೆ ಇಟ್ಟು ಬಿಡು. ಬಾಯಿ ಬಿಟ್ಟು ಒಂದು, ಎರಡು, ಮೂರು ಅಂತ ಎಣಿಸುತ್ತಾ ಬೆಂಕಿ ಎರಡು ಸಲ ಹತ್ತಿ ಎರಡು ಸಲ ಆರುವುದನ್ನು ನೋಡು. ಮೂರನೇ ಸಲ ಆರಿದ ಕೂಡಲೇ ಹೊರಡು.

ಎಷ್ಟನೇ ಎಣಿಕೆಗೆ ಆರುತ್ತದೆ ಅಂತ ನನಗೆ ಬರೆದು ಕಳಿಸು. ಅಕ್ಕನ ಮಗಳೂ ಅದೇ ಜಾಗದಲ್ಲಿ ನಿಂತಿದ್ದಾಳೆ.